ಎರಡನೇ ರಿಂಗು

ಸಿದ್ಧಗಿರಿ ಮೋಟಾರ್ ಸರ್ವಿಸ್‌ನ ಅಜ್ಜಂಪುರ ಆಫೀಸಿನಲ್ಲಿ ಫೋನು ಎರಡನೇ ರಿಂಗು ಪೂರ್ತಿ ಮುಗಿಸಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ತಮ್ಮಯ್ಯನವರು ಅದನ್ನು ಎತ್ತಿ ಕಿವಿಗೆ ಹಿಡಿದಾಗಿರುತ್ತಿತ್ತು. ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿ ದುಡಿದು, ಮೊಣಕಾಲು ಸೋತ ಮೇಲೆ ಆಫೀಸಿನ ಕುರ್ಚಿಗೆ ಬಂದವರು ಅವರು. ಊಟಕ್ಕೆ ಕೂತಿರಲಿ, ಪಾರ್ಸಲ್ಲಿನವರ ಜೊತೆ ಜಗಳಕ್ಕೆ ನಿಂತಿರಲಿ, ಎಡಗೈ ಮಾತ್ರ ಫೋನು ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಅವರ ತಲೆಯ ಮೇಲೆ ಕಂಪನಿ ಕಟ್ಟಿದ ದೇವೀರಪ್ಪನವರ ಫೋಟೋ ಇತ್ತು. ಅದರ ಕೆಳಗೆ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಒಂದೇ ಸಾಲು: "ಎರಡನೇ ರಿಂಗಿಗೆ ಫೋನ್ ಎತ್ತತಕ್ಕದ್ದು." ದೇವೀರಪ್ಪನವರು ತೀರಿಕೊಂಡು ಹದಿನೈದು ವರ್ಷವಾಗಿತ್ತು. ಪೇಂಟು ಮಾತ್ರ ಪ್ರತಿ ಯುಗಾದಿಗೆ ಹೊಸದಾಗುತ್ತಿತ್ತು.

ಈ ಸದ್ಗುಣ ತನ್ನ ಬುಡಕ್ಕೇ ಬರುತ್ತದೆಂದು ಕಡೂರಿನ ಹೆಡ್ ಆಫೀಸಿನಲ್ಲಿ ಕೂತಿದ್ದ ಭೈರೇಶನಿಗೆ ಆ ದಿನ ಬೆಳಿಗ್ಗೆ ಒಂಬತ್ತೂವರೆಯವರೆಗೂ ಹೊಳೆದಿರಲಿಲ್ಲ.

ಭೈರೇಶನದು ವಿಚಿತ್ರ ಹಣೆಬರಹ. ಕೆಲಸ ಬಸ್ ಕಂಪನಿಯಲ್ಲಿ, ಬಸ್ ಹತ್ತಿದರೆ ವಾಂತಿ. ಮೂರು ವರ್ಷದ ಹಿಂದೆ ಅವನನ್ನು ಕೆಮ್ಮಣ್ಣುಗುಂಡಿ ಬಸ್ಸಿಗೆ ಕಂಡಕ್ಟರ್ ಮಾಡಿ ಕಳಿಸಿದ್ದರು. ಆ ತಿರುವುಗಳಲ್ಲಿ ಅವನು ಹರಿದ ಟಿಕೆಟ್ಟಿಗಿಂತ ಕಿಟಕಿಯಿಂದ ಹೊರಗೆ ಬಗ್ಗಿದ ಸಲಗಳೇ ಹೆಚ್ಚು. ಕೊನೆಗೆ ಒಂದು ದಿನ ಪ್ರವಾಸಕ್ಕೆ ಬಂದವರೇ ಅವನನ್ನು ಸೀಟಿನಲ್ಲಿ ಮಲಗಿಸಿ, ತಾವೇ ತಮ್ಮ ತಮ್ಮ ಟಿಕೆಟ್ ಹರಿದುಕೊಂಡರು. ಅವನ ಬಳಿ ಒಂದು ಕಂಪ್ಯೂಟರ್ ಡಿಪ್ಲೊಮಾ ಇರುವುದು ಆಮೇಲೆ ಯಾರಿಗೋ ನೆನಪಾಗಿ ಕಡೂರಿನ ಕುರ್ಚಿ ಸಿಕ್ಕಿತು. ಅಲುಗಾಡದ ಕುರ್ಚಿ. ಭೈರೇಶ ಬೆಳಿಗ್ಗೆ ಬಂದ ಕೂಡಲೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆದರೆ ಅದು ಹಂಗಾಮಿ ಕುರ್ಚಿ, ಖಾಯಂ ಆಗಿರಲಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಆಫೀಸಿನ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆದ ತಂತಿಯಿಂದ ಜೋಡಿಸಿದ್ದರು. ಬೆಂಗಳೂರು ಬಸ್ಸಿನ ಸೀಟನ್ನು ಯಾವ ಊರಲ್ಲಿ ಬುಕ್ ಮಾಡಿದರೂ ಮೂರೂ ಕಡೆ ಹೆಸರು ಕಾಣುತ್ತಿತ್ತು. ಹೋದ ತಿಂಗಳು ಬೀರೂರಿನ ಹತ್ತಿರ ರಸ್ತೆ ಅಗೆಯುವ ಯಂತ್ರವೊಂದು ಆ ತಂತಿಯನ್ನು ಕತ್ತರಿಸಿ ಹಾಕಿತು. ಅವತ್ತು ತರೀಕೆರೆಯ ಹೆಡ್‌ಮಾಸ್ಟರಿಗೂ ಅಜ್ಜಂಪುರದ ಕೊಬ್ಬರಿ ಮಂಡಿಯವರಿಗೂ ಒಂದೇ ಸೀಟು ಬುಕ್ಕಾಗಿ, ಇಬ್ಬರೂ ಬಿಟ್ಟುಕೊಡದೆ ಬೆಂಗಳೂರಿನವರೆಗೂ ಅರ್ಧರ್ಧ ಕೂತು ಹೋದರು. ಈಗ ಇಬ್ಬರೂ ಆ ಸಿಟ್ಟಿಗೆ ಬೇರೆ ಬಸ್ಸಿನಲ್ಲಿ ಓಡಾಡುತ್ತಿದ್ದರು.

ದೇವೀರಪ್ಪನವರ ಮಗ, ಈಗಿನ ಮಾಲೀಕರಾದ ವಿಶ್ವಾರಾಧ್ಯರು ಭೈರೇಶನನ್ನು ಕರೆಸಿ ಇದಕ್ಕೇನು ದಾರಿ ಎಂದು ಕೇಳಿದರು. ತಂತಿ ತುಂಡಾದರೆ ಫೋನಿನ ಲೈನಿನಲ್ಲೇ ಕೆಲಸ ನಡೆಸಬಹುದು ಎಂದ ಭೈರೇಶ. ಪ್ರತಿ ಆಫೀಸಿನಲ್ಲೂ ರೂಟರ್ ಎಂಬ ಪೆಟ್ಟಿಗೆ ಇರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಈ ಪೆಟ್ಟಿಗೆ ಆ ಪೆಟ್ಟಿಗೆಯನ್ನು "ಇದೀಯಾ?" ಎಂದು ವಿಚಾರಿಸುತ್ತದೆ, ಅದು "ಇದೀನಿ" ಎನ್ನುತ್ತದೆ. ನಾಲ್ಕು ಸಲ ಉತ್ತರ ಬರದಿದ್ದರೆ ದಾರಿ ಕಟ್ಟಾಗಿದೆಯೆಂದು ತಿಳಿದು, ತಾನೇ ಫೋನು ತಿರುಗಿಸಿ ಬೇರೆ ದಾರಿ ಹಿಡಿಯುತ್ತದೆ. ಹಾಗೆ ಫೋನು ಮಾಡುವುದಕ್ಕೂ ಎತ್ತುವುದಕ್ಕೂ ಮೋಡೆಮ್ ಎಂಬ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ.

ನಲವತ್ತು ವರ್ಷ ಬಸ್ಸಿನ ದಾರಿಗಳಲ್ಲೇ ಬದುಕಿದ ವಿಶ್ವಾರಾಧ್ಯರು ಕನ್ನಡಕ ತೆಗೆದು ಆ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು.

"ಡ್ರೈವರಿಲ್ದೆ ತಾನೇ ದಾರಿ ಹುಡುಕ್ಕೊಳ್ಳುತ್ತಾ?" ಎಂದರು.

"ಹುಡುಕ್ಕೊಳ್ಳುತ್ತೆ ಸಾವ್ಕಾರ್ರೆ."

ಅವತ್ತಿನಿಂದ ಅವರು ಆ ಪೆಟ್ಟಿಗೆಯ ಮುಂದೆ ಚಪ್ಪಲಿ ಹಾಕಿಕೊಂಡು ನಿಂತದ್ದಿಲ್ಲ. ಒಳ್ಳೆಯ ದಿನ ನೋಡಿಸಿ ಸಂಜೆ ನಾಲ್ಕಕ್ಕೆ ಮುಹೂರ್ತ ಇಟ್ಟರು. ಆಗ ತಾವೇ ಸ್ವತಃ ತಂತಿ ಕೀಳುವುದಾಗಿಯೂ, ತರೀಕೆರೆಯಲ್ಲಿ ಬುಕ್ ಮಾಡಿದ ಹೆಸರು ಅಜ್ಜಂಪುರದ ಕಂಪ್ಯೂಟರಿನಲ್ಲಿ ಮೂಡಿದರೆ ಭೈರೇಶನ ಕುರ್ಚಿ ಖಾಯಂ ಎಂದೂ, ಮೂಡದಿದ್ದರೆ ಕೆಮ್ಮಣ್ಣುಗುಂಡಿ ಬಸ್ಸಿನ ಕಂಡಕ್ಟರ್ ಚೀಲ ಇನ್ನೂ ಮೊಳೆಗೇ ತೂಗುಹಾಕಿದೆ ಎಂದೂ ಎಲ್ಲರೆದುರು ಹೇಳಿದರು. ಚೀಲ ನಿಜಕ್ಕೂ ಅಲ್ಲೇ ತೂಗಾಡುತ್ತಿತ್ತು. ಭೈರೇಶ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಮುಹೂರ್ತದ ಬೆಳಿಗ್ಗೆ ಒಂಬತ್ತೂವರೆಗೆ ಅವನು ಒಂದು ಸಲ ಪರೀಕ್ಷೆ ಮಾಡಿ ನೋಡೋಣವೆಂದು ತಂತಿ ಕಿತ್ತ. ನಲವತ್ತು ಸೆಕೆಂಡ್ ಕಳೆಯಿತು. ಪೆಟ್ಟಿಗೆ ಯೋಚಿಸಿತು. ಮೋಡೆಮ್ ತಾನಾಗಿ ಅಜ್ಜಂಪುರಕ್ಕೆ ಫೋನು ತಿರುಗಿಸಿದಾಗ ಬುಕಿಂಗ್ ಕೌಂಟರಿನ ಹೇಮಾವತಿ ಟಿಕೆಟ್ ಹರಿಯುವುದನ್ನು ಬಿಟ್ಟು ಎದ್ದು ನಿಂತಳು. ಒಂದು ರಿಂಗು. ಎರಡನೆಯದು ಇನ್ನೂ ಅರ್ಧವಾಗಿತ್ತು. ಮೋಡೆಮ್ಮಿನ ಪುಟ್ಟ ಸ್ಪೀಕರಿನೊಳಗಿಂದ ತಮ್ಮಯ್ಯನವರ ದನಿ ಗಟ್ಟಿಯಾಗಿ ಬಂತು.

"ಹಲೋ, ಸಿದ್ಧಗಿರಿ ಮೋಟಾರ್, ಅಜ್ಜಂಪುರ. ಯಾರಪ್ಪಾ ಮಾತಾಡೋದು?"

ಕಡೂರಿನ ಮೋಡೆಮ್ "ಕೀಂ" ಎಂದಿತು. ತಮ್ಮಯ್ಯನವರು ಯಾರು ಬೇಕಾಗಿತ್ತು ಎಂದು ಕೇಳಿದರು. ಮೋಡೆಮ್ ಮತ್ತೆ "ಕೀಂ" ಎಂದಿತು. ಏನು ಕಷ್ಟ ಬಂದಿದೆ, ಅಳಬೇಡ, ನಿಧಾನವಾಗಿ ಹೇಳು ಎಂದು ಅವರು ಸಮಾಧಾನ ಮಾಡಿದರು. ಮೋಡೆಮ್ಮಿಗೆ ಬೇಕಾಗಿದ್ದುದು ಇನ್ನೊಂದು ಮೋಡೆಮ್ಮಿನ ಕಿರುಚಾಟವೇ ಹೊರತು ಹಿರಿಯರ ಸಾಂತ್ವನವಲ್ಲ. ಅದು ಫೋನಿಟ್ಟು ಮತ್ತೆ ತಿರುಗಿಸಿತು. ತಮ್ಮಯ್ಯನವರು ಮತ್ತೆ ಎತ್ತಿದರು. ಹನ್ನೊಂದು ಸಲ ಹೀಗೇ ನಡೆಯಿತು. ಹನ್ನೊಂದೂ ಸಲ ಅವರು ಮೊದಲ ಸಲದಷ್ಟೇ ಮರ್ಯಾದೆಯಿಂದ ಹಲೋ ಎಂದರು.

ಎಡವಟ್ಟಿನ ಮೂಲ ಭೈರೇಶನಿಗೆ ಗೊತ್ತಾಯಿತು. ತಮ್ಮಯ್ಯನವರ ಫೋನಿನ ಲೈನಿಗೇ ಜೋಡಿಸಿದ್ದ ಅಜ್ಜಂಪುರದ ಮೋಡೆಮ್ಮನ್ನು ಮೂರನೇ ರಿಂಗಿಗೆ ಎತ್ತುವಂತೆ ಇಟ್ಟಿದ್ದ. ತಮ್ಮಯ್ಯನವರಿರುವ ಆಫೀಸಿನಲ್ಲಿ ಮೂರನೇ ರಿಂಗು ಹುಟ್ಟುವುದೇ ಇಲ್ಲ. ಅದನ್ನು ಬದಲಿಸಬೇಕಾದರೆ ಮೋಡೆಮ್ಮಿನ ಬೆನ್ನಿಗಿರುವ ಗುಂಡಿಗಳನ್ನು ಕೈಯಿಂದಲೇ ಸರಿಸಬೇಕು. ಅಂದರೆ ಅಜ್ಜಂಪುರಕ್ಕೆ ಹೋಗಬೇಕು, ಬಸ್ಸಿನಲ್ಲಿ. ಅದರ ಬದಲು ಒಂದು ಮಾತು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದುಕೊಂಡು, ತಂತಿ ಮತ್ತೆ ಸಿಕ್ಕಿಸಿ, ಇನ್ನೊಂದು ಫೋನಿನಿಂದ ತಮ್ಮಯ್ಯನವರಿಗೆ ಹಚ್ಚಿ, ಇವತ್ತೊಂದು ದಿನ ಫೋನು ಎತ್ತಬೇಡಿ ಎಂದು ಬೇಡಿಕೊಂಡ.

"ಗೋಡೆ ಮ್ಯಾಲೆ ಬರ್ದೈತಲ್ಲಪ್ಪಾ," ಎಂದರು ತಮ್ಮಯ್ಯನವರು. ಅವರ ದನಿಯಲ್ಲಿ ಯಾರೋ ಜನಿವಾರವನ್ನೋ ಶಿವದಾರವನ್ನೋ ತೆಗೆದಿಡು ಅಂದಷ್ಟು ಸಂಕಟವಿತ್ತು. ಕಾಲು ಗಂಟೆ ಗೋಗರೆದ ಮೇಲೆ, ಇದೆಲ್ಲ ಸಾವ್ಕಾರ್ರ ಕೆಲಸವೇ ಎಂದ ಮೇಲೆ, ಒಪ್ಪಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ವಿಶ್ವಾರಾಧ್ಯರು ಮನೆಯಲ್ಲಿ ತಿಂಡಿ ಮುಗಿಸಿ, ಪೂಜೆಗೆ ಎಲ್ಲ ತಯಾರಾಗಿದೆಯೇ ಎಂದು ಕೇಳಲು ಅಜ್ಜಂಪುರಕ್ಕೆ ಫೋನು ಮಾಡಿದರು. ಒಂದು ರಿಂಗು, ಎರಡು ರಿಂಗು. ಮೂರನೆಯದಕ್ಕೆ ಮೋಡೆಮ್ ಎತ್ತಿಕೊಂಡು, ಎದುರಿಗಿರುವುದು ತನ್ನ ಜಾತಿಯದೇ ಎಂದು ನಂಬಿ, ಅವರ ಕಿವಿಗೆ ಬಾಯಿಟ್ಟು ಕಿರುಚಿತು.

ಅರ್ಧ ಗಂಟೆಯಲ್ಲಿ ಅವರು ಎಡಗಿವಿ ಒತ್ತಿ ಹಿಡಿದುಕೊಂಡೇ ಆಫೀಸಿಗೆ ಬಂದರು. ಕಿರುಚಿದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ, ಅದರ ಬಗ್ಗೆ ಭಯಭಕ್ತಿಯೇ ಇತ್ತು. ಸಿಟ್ಟು ಬಂದದ್ದು ಎರಡು ರಿಂಗು ದಾಟಿದ್ದಕ್ಕೆ. ಅಪ್ಪನ ಕಾಲದಿಂದ ಒಂದು ಸಲವೂ ಹೀಗಾಗಿರಲಿಲ್ಲ. ಅಷ್ಟರಲ್ಲಾಗಲೇ ಅಜ್ಜಂಪುರದ ಆಫೀಸಿನ ಪಕ್ಕದ ಹೋಟೆಲಿಗೆ ಫೋನು ಮಾಡಿ ತಮ್ಮಯ್ಯನವರನ್ನು ಕರೆಸಿ ಮುಖದ ನೀರಿಳಿಸಿಯೂ ಆಗಿತ್ತು. ತಮ್ಮಯ್ಯನವರು ಅತ್ತುಬಿಟ್ಟು, ಇನ್ನು ಮೇಲೆ ಆಕಾಶವೇ ಬಿದ್ದರೂ ಎರಡನೇ ರಿಂಗು ದಾಟಲು ಬಿಡುವುದಿಲ್ಲ ಎಂದು ಆಣೆ ಇಟ್ಟಿದ್ದರು. ಭೈರೇಶ ತನ್ನ ತಪ್ಪು ಒಪ್ಪಿಕೊಂಡು ಸಂಗತಿ ವಿವರಿಸಲು ಹೋದ.

"ಅದು ನಮ್ಮಪ್ಪನ ಮಾತು ಕಣಪ್ಪ, ಬದಲಾಗಲ್ಲ," ಎಂದರು ಅವರು. "ನಿನ್ನ ಪೆಟ್ಟಿಗೆಗೆ ಬೇಕಾದ್ರೆ ಬುದ್ಧಿ ಹೇಳು."

ಪೆಟ್ಟಿಗೆಗೆ ಬುದ್ಧಿ ಹೇಳಲು ಭೈರೇಶ ಹನ್ನೆರಡೂವರೆಯ ಅಜ್ಜಂಪುರ ಬಸ್ ಹತ್ತಿದ. ಹೇಮಾವತಿ ತನ್ನ ಊಟದ ಡಬ್ಬಿಯಲ್ಲಿದ್ದ ನಿಂಬೆಹಣ್ಣನ್ನು ಅವನ ಕೈಗಿಟ್ಟಳು.

ಕಂಡಕ್ಟರ್ ಕಾಂತರಾಜ ಹಳೆಯ ಸ್ನೇಹಿತ. ಅವನು ಭೈರೇಶನನ್ನು ಕಿಟಕಿಯ ಪಕ್ಕ ಕೂರಿಸಿ, ಅದರ ಹಿಂದಿನ ಕಿಟಕಿಯವರಿಗೆಲ್ಲ ಗಾಜು ಹಾಕಿಕೊಳ್ಳಲು ಹೇಳಿದ. ಬಸ್ಸಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಔಷಧಿ ಇತ್ತು. ಒಬ್ಬರು ಹೊಟ್ಟೆಯ ಮೇಲೆ ಹಳೆಯ ಪೇಪರ್ ಇಟ್ಟುಕೋ ಎಂದರು, ಇನ್ನೊಬ್ಬರು ಹುಣಸೆಹಣ್ಣು ಚೀಪು ಎಂದರು. ಹಾಲಮ್ಮ ಎಂಬ ಮುದುಕಿ ಅವನ ನೆತ್ತಿಗೆ ಎಣ್ಣೆ ತಟ್ಟಿ, ಎಷ್ಟನೇ ತಿಂಗಳಿಗೆ ಹುಟ್ಟಿದವನು ಎಂದು ವಿಚಾರಿಸಿದಳು. ಭೈರೇಶ ಬೀರೂರಿನಲ್ಲಿ ಒಂದು ಸಲ, ರೈಲ್ವೆ ಗೇಟಿನಲ್ಲಿ ಒಂದು ಸಲ, ಆಮೇಲೆ ಇನ್ನೂ ಎರಡು ಸಲ ಕಿಟಕಿಯಿಂದಾಚೆ ಬಗ್ಗಿದ. ತಲೆ ಒಳಗೆ ಬರುವುದು ತಡವಾದಾಗಲೆಲ್ಲ ಕಾಂತರಾಜ ಬಾಗಿಲಿಂದಲೇ ಕೂಗುತ್ತಿದ್ದ.

"ಇದೀಯೇನೋ ಭೈರೇಶ?"

"ಇದೀನಿ ಕಣೋ," ಎನ್ನುತ್ತಿದ್ದ ಅವನು, ಕ್ಷೀಣವಾಗಿ.

ಅಜ್ಜಂಪುರದ ಆಫೀಸು ತಲುಪಿದಾಗ ಮೋಡೆಮ್ಮಿನ ಗುರುತೇ ಅವನಿಗೆ ಸಿಗಲಿಲ್ಲ. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಿಗೆ ಕನಕಾಂಬರದ ದಂಡೆ, ಮುಂದೆ ಎರಡು ಬಾಳೆಹಣ್ಣು. ಪಕ್ಕದಲ್ಲಿ ತಮ್ಮಯ್ಯನವರು ಫೋನಿನ ಮೇಲೆ ಕೈಯಿಟ್ಟು, ಅತ್ತ ಕಣ್ಣಿನಲ್ಲೇ ಕೂತಿದ್ದರು. ಭೈರೇಶನಿಗೆ ಅಯ್ಯೋ ಅನ್ನಿಸಿತು. ಬಯ್ಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯಿತು.

"ಬೆಳಿಗ್ಗೆ ಕೋಳಿಮರಿ ಥರ ಕೂಗ್ತಿತ್ತಲ್ಲಪ್ಪಾ, ಅದು ಯಾರು?" ಎಂದು ಅವರು ಕೇಳಿದರು.

ಕಡೂರಿನ ಪೆಟ್ಟಿಗೆ ಇಲ್ಲಿಯ ಪೆಟ್ಟಿಗೆಯನ್ನು ಹುಡುಕಿಕೊಂಡು ಬಂದಿತ್ತೆಂದೂ, ಅವೆರಡೂ ಹತ್ತು ಸೆಕೆಂಡಿಗೊಮ್ಮೆ ಒಂದನ್ನೊಂದು ಇದೀಯಾ ಎಂದು ವಿಚಾರಿಸಿಕೊಳ್ಳುತ್ತವೆಂದೂ ಅವನು ಹೇಳಿದ. ತಮ್ಮಯ್ಯನವರು ಮೋಡೆಮ್ಮಿನ ಕೊರಳ ದಂಡೆಯನ್ನು ಸರಿಪಡಿಸಿದರು. ಆಮೇಲೆ, ತಮ್ಮ ಮನೆಯವಳು ಹತ್ತು ದಿನಕ್ಕೊಂದು ಸಲವೂ ಹಾಗೆ ಕೇಳಿದ್ದಿಲ್ಲ ಎಂದರು.

ಭೈರೇಶ ಬೆನ್ನಿನ ಗುಂಡಿಗಳನ್ನು ಸರಿಸಿ, ಮೊದಲನೇ ರಿಂಗಿಗೇ ಎತ್ತುವಂತೆ ಮಾಡಿದ. ಹೇಮಾವತಿಗೆ ಹೇಳಿ ಮೂರು ಸಲ ಪರೀಕ್ಷೆ ನಡೆಸಿದ. ಮೂರು ಸಲವೂ ಮೋಡೆಮ್ ಸೋತಿತು. ಬೆಳಗಿನ ಬೈಗುಳದಿಂದ ಚುರುಕಾಗಿದ್ದ ತಮ್ಮಯ್ಯನವರು ಈಗ ಮೊದಲನೇ ರಿಂಗನ್ನೂ ಪೂರ್ತಿಯಾಗಲು ಬಿಡುತ್ತಿರಲಿಲ್ಲ. ಅವರು ಬೇಕೆಂದು ಎತ್ತುತ್ತಿರಲಿಲ್ಲ. ಬೇಡವೆಂದು ತಲೆಯಾಡಿಸುತ್ತಲೇ ಇರುತ್ತಿದ್ದರು, ಕೈ ಮಾತ್ರ ಹೋಗಿಬಿಡುತ್ತಿತ್ತು. ಆಣೆ ಬೇರೆ ಇಟ್ಟಾಗಿತ್ತು. ಗಂಟೆ ಮೂರೂಮುಕ್ಕಾಲಾಯಿತು. ಭೈರೇಶನ ಕಣ್ಣ ಮುಂದೆ ಕೆಮ್ಮಣ್ಣುಗುಂಡಿಯ ತಿರುವುಗಳು ಒಂದೊಂದಾಗಿ ಬಂದು ಹೋದವು.

ಆಗ ಅವನಿಗೆ ಬಾಳೆಹಣ್ಣಿನ ಪಕ್ಕದಲ್ಲಿದ್ದ ಮಂಗಳಾರತಿ ತಟ್ಟೆ ಕಾಣಿಸಿತು.

ನಾಲ್ಕು ಗಂಟೆಗೆ ಸರಿಯಾಗಿ ತಮ್ಮಯ್ಯನವರ ಬಲಗೈಯಲ್ಲಿ ಕರ್ಪೂರ ಉರಿಯುವ ತಟ್ಟೆ ಇತ್ತು, ಎಡಗೈಯಲ್ಲಿ ಗಂಟೆ. ಹೊತ್ತಿಸಿದ ಮಂಗಳಾರತಿಯನ್ನು ಮಧ್ಯದಲ್ಲಿ ಕೆಳಗಿಡುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ. ಬಸ್ಸಿಗೆ ಕಾದಿದ್ದವರು, ಹೋಟೆಲಿನವರು, ಪಾರ್ಸಲ್ ಬಿಡಿಸಲು ಬಂದವರು ಎಲ್ಲ ಬಾಗಿಲಲ್ಲಿ ನೆರೆದಿದ್ದರು. ಕಡೂರಿನಲ್ಲಿ ವಿಶ್ವಾರಾಧ್ಯರು ಮನೆದೇವರು ಸಿದ್ಧಪ್ಪನನ್ನು ನೆನೆದು ತಂತಿ ಕಿತ್ತರು. ಇಲ್ಲಿ ಪೆಟ್ಟಿಗೆಯ ಮೇಲಿನ ಹಸಿರು ದೀಪ ಆರಿಹೋಯಿತು.

ನಲವತ್ತು ಸೆಕೆಂಡ್ ಎಷ್ಟು ಉದ್ದ ಎಂಬುದು ಅಲ್ಲಿದ್ದವರಿಗೆ ಅವತ್ತು ತಿಳಿಯಿತು. ಯಾರೂ ಕೆಮ್ಮಲಿಲ್ಲ. ಮೂವತ್ತು ಕಿಲೋಮೀಟರ್ ಆಚೆ ಒಂದು ಪೆಟ್ಟಿಗೆ ಕತ್ತಲಲ್ಲಿ ಇದೀಯಾ ಎಂದು ಕೇಳುತ್ತಿದೆ, ಉತ್ತರವಿಲ್ಲ; ಮತ್ತೆ ಕೇಳುತ್ತಿದೆ, ಉತ್ತರವಿಲ್ಲ. ಅದನ್ನು ತನ್ನ ಕೈಯಾರೆ ಬರೆದು ಕೂರಿಸಿದವನು ತಾನೇ ಆದರೂ ಭೈರೇಶನಿಗೆ ಮೈ ಜುಮ್ಮೆಂದಿತು.

ಫೋನು ರಿಂಗಾಯಿತು. ತಮ್ಮಯ್ಯನವರ ಎರಡೂ ತೋಳು ನಡುಗಿದವು, ತಟ್ಟೆ ವಾಲಿ ಕರ್ಪೂರ ಜಾರಿತು, ಆದರೆ ಅವರು ಕೆಳಗಿಡಲಿಲ್ಲ. ಮೋಡೆಮ್ ಎತ್ತಿತು. ಮೊದಲು ಸೀಟಿ ಹಾಕಿತು, ಆಮೇಲೆ ಕಿರುಚಿತು, ಆಚೆಯದೂ ಕಿರುಚಿತು, ಎರಡೂ ಸೇರಿ ಕಡಲೆ ಹುರಿದಂತೆ ಒಂದು ಸದ್ದು ಮಾಡಿ ತಟ್ಟನೆ ಶಾಂತವಾದವು. ಕಂಪ್ಯೂಟರಿನಲ್ಲಿ ಒಂದನೇ ಸೀಟಿನ ಎದುರು ನಿಧಾನವಾಗಿ ಒಂದು ಹೆಸರು ಮೂಡಿತು. ತರೀಕೆರೆಯಲ್ಲಿ ಬರೆದ ಹೆಸರು ಕಡೂರಿಗೆ ಹೋಗಿ, ಅಲ್ಲಿ ದಾರಿಯಿಲ್ಲವೆಂದು ಕಂಡು, ಫೋನಿನ ದಾರಿ ಹಿಡಿದು ಅಜ್ಜಂಪುರಕ್ಕೆ ಬಂದಿತ್ತು: ಅರ್ಧ ಸೀಟಿನ ಸಿಟ್ಟಿಗೆ ಬಿಟ್ಟುಹೋಗಿದ್ದ ಹೆಡ್‌ಮಾಸ್ಟರ ಹೆಸರು.

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಗಳಾರತಿ ತೆಗೆದುಕೊಂಡರು. ಭೈರೇಶ ಗೋಡೆಗೊರಗಿ ಕುಸಿದು ಕೂತ. ಕುರ್ಚಿ ಉಳಿಯಿತು.

ಜನ ಚದುರಿದ ಮೇಲೆ ಅವನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕಡೂರಿನಲ್ಲಿ ತಂತಿ ಮತ್ತೆ ಸಿಕ್ಕಿಸಿದ್ದರು, ಹಸಿರು ದೀಪ ಹತ್ತಿತ್ತು. ಆದರೂ ಮೋಡೆಮ್ ಫೋನು ಇಟ್ಟಿರಲಿಲ್ಲ. ಹತ್ತು ಸೆಕೆಂಡಿಗೊಮ್ಮೆ ಅದರ ದೀಪ ಮಿಟುಕುತ್ತಿತ್ತು. ಎರಡೂ ಪೆಟ್ಟಿಗೆಗಳು ಈಗ ಫೋನಿನಲ್ಲೂ ಇದೀಯಾ, ಇದೀನಿ ಎಂದು ಕ್ಷೇಮ ಸಮಾಚಾರ ಶುರುಮಾಡಿಕೊಂಡಿದ್ದವು. ಬರೀ ಅಷ್ಟಕ್ಕೆ ಲೈನು ಹಿಡಿದು ಕೂರಬೇಡಿ ಎಂದು ಅವಕ್ಕೆ ಹೇಳಿಡುವುದನ್ನು ಅವನು ಮರೆತಿದ್ದ. ಹೀಗೇ ಬಿಟ್ಟರೆ ಪ್ರಳಯದವರೆಗೂ ಇಡುವುದಿಲ್ಲ, ಅಜ್ಜಂಪುರ ಆಫೀಸಿನ ಒಂದೇ ಒಂದು ಫೋನು ಇನ್ನು ಯಾರಿಗೂ ಸಿಗುವುದಿಲ್ಲ. ಎರಡು ಸಾಲು ಬರೆದರೆ ಮುಗಿಯುವ ಕೆಲಸ. ಅವನು ಕೀಬೋರ್ಡಿಗೆ ಕೈಯಿಟ್ಟ.

ಹೊರಗೆ ಜೀಪು ನಿಂತಿತು. ಭೇಷ್ ಎನ್ನಲು ಎಷ್ಟು ಸಲ ಫೋನು ಮಾಡಿದರೂ ಲೈನು ಸಿಗದೆ ವಿಶ್ವಾರಾಧ್ಯರೇ ಬಂದಿದ್ದರು. ಮಿಟುಕುವ ದೀಪ ನೋಡಿ, ಏನು ಮಾತಾಡುತ್ತಿವೆ ಎಂದು ಮೆಲ್ಲಗೆ ಕೇಳಿದರು. ಭೈರೇಶ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಈಗಲೇ ಸರಿ ಮಾಡುತ್ತೇನೆ ಎಂದ.

"ಕೈ ತಗೀ," ಎಂದರು ಅವರು.

ಅಪ್ಪನ ಫೋಟೋದ ಕೆಳಗೆ ಬೆಂಚಿನ ಮೇಲೆ ಕೂತು ಅವರು ನಿಧಾನವಾಗಿ ಹೇಳಿದರು. ಬಹಳ ಹಿಂದೆ ಒಂದು ಮಳೆಗಾಲದಲ್ಲಿ ಕಂಪನಿಯ ಬಸ್ಸು ಲಕ್ಕವಳ್ಳಿ ಕಾಡಿನಲ್ಲಿ ಕೆಟ್ಟು ನಿಂತಿತ್ತು. ಡ್ರೈವರು ಡ್ಯಾಮಿನ ಆಫೀಸಿಗೆ ನಡೆದು ಹೋಗಿ ಇದೇ ಫೋನಿಗೆ ಹಚ್ಚಿದ. ಎಷ್ಟು ಹೊಡೆದುಕೊಂಡರೂ ಯಾರೂ ಎತ್ತಲಿಲ್ಲ. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ನಲವತ್ತು ಜನ ಆನೆಗಳ ಘೀಳು ಕೇಳುತ್ತಾ ಬಸ್ಸಿನಲ್ಲೇ ಕೂತಿದ್ದರು. ಅದರಲ್ಲಿ ದೇವೀರಪ್ಪನವರ ಹೆಂಡತಿಯೂ ಇದ್ದರು, ಅವರ ಮಡಿಲಲ್ಲಿ ಒಂದೂವರೆ ವರ್ಷದ, ಜ್ವರ ಬಂದ ಕೂಸು.

"ಆ ಕೂಸು ನಾನೇ ಕಣಪ್ಪ," ಎಂದರು ವಿಶ್ವಾರಾಧ್ಯರು. "ಅವತ್ತು ರಾತ್ರೀನೇ ನಮ್ಮಪ್ಪ ಗೋಡೆ ಮೇಲೆ ಬರೆಸಿದ್ದು. ಇದೀಯಾ ಅಂತ ಕೇಳೋರಿಗೆ ಇದೀನಿ ಅನ್ನೋಕೆ ಒಬ್ರು ಇರ್ಬೇಕು, ಅಷ್ಟೇ ಅವರ ಆಸೆ. ನೀನು ಮಾಡಿರೋದು ಅದೇ ಅಲ್ವೇನಪ್ಪಾ. ಇದನ್ನ ಕಟ್ ಮಾಡಕ್ಕೆ ಕೈ ಹೆಂಗೆ ಬತ್ತದೆ ನಿಂಗೆ?"

ತಮ್ಮಯ್ಯನವರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ಭೈರೇಶ ಕೀಬೋರ್ಡಿನಿಂದ ಕೈ ತೆಗೆದ. ಆದರೂ, ಹಾಗಾದರೆ ಅಜ್ಜಂಪುರಕ್ಕೆ ಫೋನು ಮಾಡುವವರು ಏನು ಮಾಡಬೇಕು ಎಂದು ಕೇಳಿದ. ಇನ್ನೊಂದು ಫೋನಿಗೆ ಅರ್ಜಿ ಹಾಕಿದ್ದು ಹಳೆಯ ಮಾತು, ಕೇಬಲ್ಲಿನಲ್ಲಿ ಜಾಗವಿಲ್ಲವಂತೆ. ಮೊಬೈಲು ಬೀರೂರು ದಾಟಿದರೆ ಮೂಕಾಗುತ್ತಿತ್ತು. ಪಕ್ಕದ ಹೋಟೆಲಿನವರು ದಿನವಿಡೀ ಕರೆದು ಕೊಡುತ್ತಾ ಕೂರುವುದಿಲ್ಲ. ಪಾರ್ಸಲ್ ಬಂತೇ, ಬಸ್ಸು ಹೊರಟಿತೇ, ಇದೆಲ್ಲ ತಿಳಿಯುವುದು ಹೇಗೆ?

ವಿಶ್ವಾರಾಧ್ಯರು ಅದನ್ನು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದರು.

"ಫೋನಲ್ಲಿ ಆಗ್ದೇ ಇದ್ದ ಕೆಲ್ಸಾನ ಇವತ್ತು ನೀನು ಬಸ್ಸಲ್ಲಿ ಬಂದು ಮಾಡ್ಲಿಲ್ವಾ? ಒಂದು ದಾರಿ ಕಟ್ಟಾದ್ರೆ ಇನ್ನೊಂದು. ನೀನೇ ಹೇಳ್ಕೊಟ್ಟಿದ್ದು," ಎಂದರು. ಮಾತು ಕೊಟ್ಟ ಹಾಗೆ ಭೈರೇಶನ ಕೆಲಸ ಇವತ್ತಿನಿಂದ ಖಾಯಂ. ಕಡೂರಿಂದ ಅಜ್ಜಂಪುರಕ್ಕೆ, ಅಜ್ಜಂಪುರದಿಂದ ಕಡೂರಿಗೆ, ದಿನಕ್ಕೆ ಮೂರು ಟ್ರಿಪ್, ಸುದ್ದಿ ತರುವುದು, ಸುದ್ದಿ ಒಯ್ಯುವುದು. ಆ ಅಲುಗಾಡದ ಕುರ್ಚಿಯಲ್ಲಿ ಹೇಗೂ ಇನ್ನು ಕೆಲಸವಿಲ್ಲ, ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ನೋಡಿಕೊಳ್ಳುತ್ತದೆ.

"ನಂಗೆ ಬಸ್ಸು ಆಗಲ್ಲ ಸಾವ್ಕಾರ್ರೆ," ಎಂದ ಭೈರೇಶ.

ಇದು ಕೆಮ್ಮಣ್ಣುಗುಂಡಿ ಅಲ್ಲವಲ್ಲ, ಬಯಲು ದಾರಿ ಎಂದು ಅವರು ಬೆನ್ನು ತಟ್ಟಿ, ಎದ್ದು, ಮೋಡೆಮ್ಮಿಗೆ ಕೈಮುಗಿದು ಹೊರಟರು. ಜೀಪಿನಲ್ಲಾದರೂ ಕರೆದುಕೊಂಡು ಹೋಗಿ ಎಂದು ಕೇಳಲು ಅವನಿಗೆ ಬಾಯಿ ಬರುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು. ತಮ್ಮಯ್ಯನವರು ಕಡೂರಿಗೆ ಒಯ್ಯಬೇಕಾದ ಸುದ್ದಿಯನ್ನು ಚೀಟಿಯಲ್ಲಿ ಬರೆದು ಅವನ ಜೇಬಿಗಿಟ್ಟರು, ಜೊತೆಗೆ ಪ್ರಸಾದದ ಬಾಳೆಹಣ್ಣು.

ಆರು ಗಂಟೆಯ ಬಸ್ಸಿನಲ್ಲಿ ಕಾಂತರಾಜ ಅವನಿಗೆ ಅದೇ ಕಿಟಕಿ ಖಾಲಿ ಇಟ್ಟಿದ್ದ. ಊರ ಹೊರಗಿನ ಮೊದಲ ತಿರುವಿಗೇ ಭೈರೇಶನ ತಲೆ ಆಚೆ ಹೋಯಿತು. ಹಿಂದೆ ಅಜ್ಜಂಪುರದ ಆಫೀಸಿನಲ್ಲಿ ಕನಕಾಂಬರದ ನಡುವೆ ದೀಪ ಮಿಟುಕುತ್ತಿತ್ತು. ಇಲ್ಲಿ ಬಸ್ಸು ಬೀರೂರಿನ ಕಡೆ ಓಲಾಡುತ್ತಾ ಓಡುತ್ತಿತ್ತು. ಕಾಂತರಾಜ ಬಾಗಿಲ ಕಂಬಿ ಹಿಡಿದು ಹಿಂದಕ್ಕೆ ತಿರುಗಿದ.

"ಇದೀಯೇನೋ ಭೈರೇಶ?"

"ಇದೀನಿ."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ.